ಮೆಂತ್ಯ ಅರೆದ ಕಲ್ಲು

ಒಣಕೂದಲಿಗೆ ಮನೆಮದ್ದು ಹೇಳುತ್ತ ಇಪ್ಪತ್ತಾರು ವರ್ಷ ಹೊಟ್ಟೆ ಹೊರೆದವಳ ತಲೆ ಹೇಗಿರಬೇಕು? ನೀವು ನನ್ನನ್ನು ನೋಡಿಲ್ಲವಾದ್ದರಿಂದ ಚೆನ್ನಾಗಿಯೇ ಕಲ್ಪಿಸಿಕೊಳ್ಳಿ. ನೋಡಿದವರಿಗೆ ಗೊತ್ತು, ನನ್ನ ಕೂದಲು ತೆಂಗಿನ ನಾರಿಗೆ ಹತ್ತಿರದ ಸಂಬಂಧಿ. ಗಿರಾಕಿಗಳು ಎಷ್ಟೋ ಸಲ ಕನ್ನಡಿಯಲ್ಲಿ ನನ್ನ ತಲೆಯನ್ನೂ ನನ್ನ ಕೈಯಲ್ಲಿದ್ದ ಬಟ್ಟಲನ್ನೂ ಒಂದಾದ ಮೇಲೊಂದು ನೋಡಿ ಸುಮ್ಮನಾಗಿದ್ದಾರೆ. ಅವರ ದೊಡ್ಡತನ.

ಕಳೆದ ವರ್ಷ ಬ್ಯಾಡಗಿಯ ನನ್ನ ಪಾರ್ಲರಿನ ಬಾಗಿಲು ಹಾಕಿದೆ. ವಯಸ್ಸು ಐವತ್ತೆರಡು, ನಿವೃತ್ತಿಗೆ ತೀರ ಅವಸರವೇ. ಆದರೆ ಬಣ್ಣ, ಶಾಂಪೂ, ದಿನವಿಡೀ ನೀರು ಸೇರಿಕೊಂಡು ನನ್ನ ಅಂಗೈಯ ಚರ್ಮವನ್ನು ಬೇಸಿಗೆಯ ಎರೆಹೊಲದಂತೆ ಬಿರಿಸಿದ್ದವು. ಚರ್ಮದ ಡಾಕ್ಟರು, "ಇನ್ನ ಸಾಕ್ ಮಾಡ್ರಿ ಅಕ್ಕಾರ" ಎಂದರು. ಊರಿನ ಅರ್ಧ ತಲೆಗಳಿಗೆ ಜಿಡ್ಡು ಹಚ್ಚಿದ ಕೈ ಒಣಗಿ ಕೂತಿತು.

ಈಚೆಗೆ ಹಾವೇರಿಯಲ್ಲಿ ಬ್ಯೂಟಿಷಿಯನ್ ತರಬೇತಿಗೆ ಸೇರಿದ ಹುಡುಗಿಯರ ಮುಂದೆ ನಾಲ್ಕು ಮಾತಾಡಲು ಕರೆದಿದ್ದರು. ಶ್ರದ್ಧೆ, ತಾಳ್ಮೆ, ಆತ್ಮವಿಶ್ವಾಸ ಎಂದೆಲ್ಲ ಹೇಳಿದೆ. ಚಪ್ಪಾಳೆ ಹೊಡೆದರು. ವಾಪಸು ಬಸ್ಸಿನಲ್ಲಿ ಕೂತ ಮೇಲೆ, ನಾನು ಹೇಳಿದ ಒಂದು ಮಾತೂ ಈ ಕೆಲಸದಲ್ಲಿ ನನ್ನ ಉಪಯೋಗಕ್ಕೆ ಬಂದದ್ದಲ್ಲ ಎಂದು ನೆನಪಾಯಿತು. ಉಪಯೋಗಕ್ಕೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ. ಬಹುಪಾಲು ನನ್ನ ತಪ್ಪುಗಳೇ.

ಕೆಲಸ ಕಲಿತದ್ದು ರಾಣೆಬೆನ್ನೂರಿನಲ್ಲಿ, ಜುಬೇದಾ ಬಾಜಿಯವರ ಪಾರ್ಲರಿನಲ್ಲಿ. ಬಾಜಿ ಎಂದರೆ ಉರ್ದುವಿನಲ್ಲಿ ಅಕ್ಕ. ದಿನವೂ ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದೆ. ಬಾಜಿ ಗಿರಾಕಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಮನೆಯವರ ಜೊತೆ ಉರ್ದುವಿನಲ್ಲಿ, ನನ್ನ ಜೊತೆ ಕಣ್ಣಿನಲ್ಲಿ. ಆ ಕಣ್ಣಿಗೆ ಹೆದರಿ ನಾನು ಬಟ್ಟಲು ತೊಳೆದ ಮೇಲೂ ತೊಳೆಯುತ್ತಿದ್ದೆ. ಮೊದಲೇ ಚಿಂತೆಯ ಸ್ವಭಾವ. ಕೀಲಿ ಹಾಕಿದ ಮನೆಗೆ ಅರ್ಧ ದಾರಿಯಿಂದ ತಿರುಗಿ ಹೋಗಿ ಕೀಲಿ ಎಳೆದು ನೋಡುವವಳು ನಾನು. ಬಾಜಿಯ ಕೈಕೆಳಗೆ ಆ ಸ್ವಭಾವಕ್ಕೆ ಒಳ್ಳೆಯ ತರಬೇತಿ ಸಿಕ್ಕಿತು.

ಮೊದಲ ತಿಂಗಳಿನಲ್ಲೇ ಒಬ್ಬ ಮಾಸ್ತರರ ಹೆಂಡತಿಯ ತಲೆಯ ಮೇಲೆ ಆಮ್ಲೆಟ್ ಮಾಡಿದೆ. ತತ್ತಿ, ಮೊಸರು, ಎಣ್ಣೆ ಕಲಸಿ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಬೇಕಿತ್ತು. ಚಳಿಗಾಲ, ಪಾಪ ತಣ್ಣೀರು ಯಾಕೆ ಎಂಬ ಅಂತಃಕರಣದಿಂದ ಹಂಡೆಯ ಬಿಸಿನೀರು ಸುರಿದೆ. ತತ್ತಿ ತನ್ನ ಧರ್ಮ ಬಿಡಲಿಲ್ಲ, ಬೆಂದಿತು. ಎಳೆಎಳೆಗೂ ಬಿಳಿ ಚೂರು ಅಂಟಿಕೊಂಡಿತು. ಬಾಜಿ ಬಂದು ನೋಡಿದರು.

"ಸರೋಜಾ, ಮ್ಯಾಲ ಸ್ವಲ್ಪ ಉಪ್ಪು, ಉಳ್ಳಾಗಡ್ಡಿ ಹಾಕ್ಬೇಕಿತ್ತಲ್ಲ ಬೇಟಾ."

ಮಾಸ್ತರರ ಹೆಂಡತಿ ಸಿಟ್ಟಾಗಲಿಲ್ಲ. ಅವರ ಹೆದರಿಕೆಯೇ ಬೇರೆ. ಮನೆಯಲ್ಲಿ ತತ್ತಿ ಎಂಬ ಶಬ್ದ ಆಡದ ಮನೆತನ. "ಬಾಜಿ, ವಾಸನಿ ಹೋಗೂತನಕ ನಾ ಮನೀಗೆ ಹೋಗಂಗಿಲ್ಲ. ಅತ್ತಿಯವ್ರ ಮೂಗು ಬಾಳ ಚುರುಕ್ ಐತಿ" ಎಂದು ಸಂಜೆಯವರೆಗೆ ಕೂತು ಚಹಾ ಕುಡಿದು ಹೋದರು. ನಮ್ಮಲ್ಲಿ ಅದರ ಹೆಸರು 'ಬಿಳಿ ಲೇಪ'. ಹೊಟ್ಟೆಗೆ ತತ್ತಿ ಮುಟ್ಟದ ಎಷ್ಟೋ ತಲೆಗಳು ಬಿಳಿ ಲೇಪಕ್ಕೆ ಸಾಲಾಗಿ ಬರುತ್ತಿದ್ದವು. ಆದರೆ ಬಾಜಿ ಪ್ರತಿಯೊಬ್ಬರ ಕಿವಿಯಲ್ಲೂ ಅದೇನೆಂದು ಹೇಳಿಯೇ ಹಚ್ಚುತ್ತಿದ್ದರು. ಹೇಳದೆ ಹಚ್ಚಿದರೆ ನನ್ನ ಕೈ ಮುರಿಯುವುದಾಗಿ ಹೇಳಿದ್ದರು. ಬೇಡ ಎಂದವರಿಗೆ ಮೊಸರು, ಲೋಳೆಸರ. ಅದೂ ಅಷ್ಟೇ ಕೆಲಸ ಮಾಡುತ್ತಿತ್ತು. ಅಂದರೆ ಅಷ್ಟಕ್ಕಷ್ಟೇ.

ಎರಡನೆಯ ಪಾಠ ಕಲಿಸಿದ್ದು ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ನನ್ನೂರು ಕುಪ್ಪೇಲೂರಿನವಳು, ಇನ್ನೊಬ್ಬಳು ಐರಣಿಯವಳು. ಇಬ್ಬರಿಗೂ ಅದೇ ಮೆಂತ್ಯ, ಅದೇ ದಾಸವಾಳದ ಎಲೆ, ಅದೇ ನಾನು. ತಿಂಗಳಾದ ಮೇಲೆ ಐರಣಿಯವಳ ಜಡೆ ಹೊಳೆಯಿತು, ಕುಪ್ಪೇಲೂರಿನವಳದು ಜೋಳದ ಕಣಿಕೆಯಂತೆ ಹಾಗೇ ಉಳಿಯಿತು. ಐರಣಿಯವಳು ನನ್ನ ಕೈಗುಣವನ್ನು ಊರೆಲ್ಲ ಹೊಗಳಿದಳು. ನಾನೂ ನಂಬಿದೆ. ಕುಪ್ಪೇಲೂರಿನವಳ ಹಣೆಬರಹ ಸರಿಯಿಲ್ಲ ಎಂದುಕೊಂಡೆ. ಬಾಜಿ ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು, "ತಲಿಗೆ ಯಾವ ನೀರು?" ಐರಣಿಯವಳದು ತುಂಗಭದ್ರೆಯ ನೀರು, ಕುಪ್ಪೇಲೂರಿನವಳದು ಬೋರಿನ ಸವಳು ನೀರು. ನನ್ನ ಕೈಗುಣ ಅಲ್ಲಿಗೆ ಹೊಳೆಯಲ್ಲಿ ತೇಲಿಹೋಯಿತು.

"ಮನಿಮದ್ದು ಅಂತೀವಿ," ಎಂದರು ಬಾಜಿ, "ಯಾರ ಮನಿ ಅಂತ ಕೇಳೂದಿಲ್ಲ. ಮೊದಲ ಮನಿ ಕೇಳು, ಆಮ್ಯಾಲ ಮದ್ದು ಹೇಳು."

ಅವರದು ಐದು ಪ್ರಶ್ನೆ. ನೀರು ಯಾವುದು, ಸಾಬೂನು ಯಾವುದು, ಒರೆಸುವ ಅರಿವೆ ಎಂಥದು, ಹಣಿಗೆ ಎಂಥದು, ದಿನವೆಲ್ಲ ಎಲ್ಲಿ ಕೂತು ಕೆಲಸ. ಬಟ್ಟೆ ಸಾಬೂನಿನಿಂದ ತಲೆ ತೊಳೆದು, ಟರ್ಕಿ ಟವೆಲಿನಿಂದ ಪಾತ್ರೆ ತಿಕ್ಕಿದಂತೆ ತಿಕ್ಕಿ, ಒದ್ದೆಯಿದ್ದಾಗಲೇ ಸಣ್ಣ ಹಲ್ಲಿನ ಹಣಿಗೆ ಎಳೆದರೆ ಯಾವ ದಾಸವಾಳ ಏನು ಮಾಡೀತು? ಸ್ನಾನಕ್ಕೆ ಒಂದು ತಾಸು ಮೊದಲು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ, ವಾರಕ್ಕೆ ಎರಡೇ ಸಲ ತಲೆಸ್ನಾನ, ಕೊನೆಯ ಚರಿಗೆ ಸಿಹಿನೀರು, ಹಳೆಯ ಹತ್ತಿ ಸೀರೆಯಿಂದ ಒತ್ತಿ ಒರೆಸುವುದು. ಒಣಕೂದಲಿನ ವಿದ್ಯೆ ಮುಗಿಯಿತು. ಆದರೆ 'ಅದು ಬಿಡ್ರಿ, ಇದು ಬಿಡ್ರಿ' ಎನ್ನುವವಳ ಬಳಿ ಯಾರು ಬರುತ್ತಾರೆ? ಬಂದವರಿಗೆ ಬಿಡುವುದು ಬೇಡ, ಹಚ್ಚುವುದು ಬೇಕು. ಹಾಗಾಗಿ ಬಟ್ಟಲು ಬೇಕು, ಬ್ರಶ್ಶು ಬೇಕು, ಹಸಿರು ಲೇಪ ಬೇಕು. ನಮ್ಮ ವೃತ್ತಿ ನಿಂತಿರುವುದು ಆ ಬಟ್ಟಲಿನ ಮೇಲೆ.

ಐದು ವರ್ಷವಾದ ಮೇಲೆ ಬ್ಯಾಡಗಿಯಲ್ಲಿ ನನ್ನದೇ ಬೋರ್ಡು ಹಾಕಿದೆ. ಬಾಜಿಯ ಐದು ಪ್ರಶ್ನೆಗಳನ್ನು ನನ್ನ ಚಿಂತೆ ಇಪ್ಪತ್ತೆರಡಕ್ಕೆ ಏರಿಸಿತು. ಕಿಟಕಿಯ ಕಡೆ ತಲೆ ಮಾಡಿ ಮಲಗುತ್ತೀರಾ ಎಂಬುದೂ ಅದರಲ್ಲಿತ್ತು. ವರ್ಷ ಕಳೆದಂತೆ ರೀತಿಗಳೂ ಬದಲಾದವು. ಮೊದಲು ಗಿರಾಕಿ ಅತ್ತೆಯನ್ನು ಕರೆದುಕೊಂಡು ಬರುತ್ತಿದ್ದಳು, ಆಮೇಲೆ ಫೋನನ್ನು. ವಿಡಿಯೋದಲ್ಲಿ ಯಾರೋ ಬಾಳೆಹಣ್ಣು ಕಿವುಚಿ ಹಚ್ಚಿದ್ದನ್ನು ಕಂಡು ನಾನೂ ಸೋಸದೆ ಹಚ್ಚಿದೆ. ಆ ಹುಡುಗಿ ಎರಡು ದಿನ ತಲೆಯಿಂದ ಬಾಳೆಹಣ್ಣು ಆರಿಸಿ ತೆಗೆದಳು. ವಿಡಿಯೋದವರು ಆ ಎರಡು ದಿನ ತೋರಿಸಿರಲಿಲ್ಲ.

ಪ್ಯಾಕೆಟ್ ಲೇಪಗಳು ಬಂದಾಗ ನಾನು ಹೊಸ ಜಂಬ ಕಲಿತೆ. 'ನಮ್ಮಲ್ಲಿ ಎಲ್ಲಾ ಕಲ್ಲಿನಾಗ ಅರದದ್ದು. ಮಿಕ್ಸರಿನ ಬಿಸಿಗೆ ಸತ್ವ ಹೋಗತೈತಿ' ಎನ್ನತೊಡಗಿದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂತು, ಹೇಳಿದೆ, ಕೇಳಿದವರ ಕಣ್ಣು ಅರಳಿತು. ಮತ್ತೆ ಮತ್ತೆ ಹೇಳಿದ ಮೇಲೆ ನನಗೂ ನಿಜವೆನಿಸಿತು. ನಾನು ಹೇಳಬೇಕೆಂದಿದ್ದ ಸಂಗತಿ ಇಲ್ಲಿಂದ ಶುರು.

ಏಳೆಂಟು ವರ್ಷದ ಹಿಂದೆ ರೇಣುಕಾ ಬಂದಳು. ಮೂವತ್ತೈದರ ಆಸುಪಾಸು. ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೊಟ್ಟು ಬಿಡಿಸುವುದು, ಬಣ್ಣ ನೋಡಿ ಕಾಯಿ ಬೇರೆಬೇರೆ ಗುಂಪು ಮಾಡುವುದು ಅವಳ ಕೆಲಸ. ತಲೆಗೆ ಕಟ್ಟಿದ್ದ ಅರಿವೆ ಬಿಚ್ಚಿದಳು. ನಾನು ಮೂರು ಸೀನು ಸೀನಿದೆ. ಅವಳು ನಕ್ಕಳು. ನಗು ಅರ್ಧಕ್ಕೆ ಕೆಮ್ಮಾಯಿತು, ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾನು ನೀರು ಕೊಟ್ಟೆ.

"ನಕ್ಕರ ಹಿಂಗ ಆಗತೈತ್ರಿ ಅಕ್ಕಾರ. ಅದಕ್ಕ ನಗೂದ ಬಿಟ್ಟೀನಿ" ಎಂದಳು. "ಡಾಕ್ಟ್ರು ಹೇಳ್ಯಾರ, ಇನ್ನೊಂದು ಸುಗ್ಗಿ ಆ ಘಾಟಿನಾಗ ಕುಂತ್ರ ಎದಿ ಉಳಿಯೂದಿಲ್ಲಂತ."

ರಾಣೆಬೆನ್ನೂರಿನ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಕೇಳಿದ್ದಳಂತೆ. ಮಾಲಕರ ಹೆಂಡತಿ ಕಮಲಕ್ಕ ಇವಳನ್ನು ಮೇಲಿಂದ ಕೆಳಗೆ ನೋಡಿ, "ತಲಿ ಒಂಚೂರು ಚಂದ ಮಾಡ್ಕೊಂಡು ಆಚಿ ಸೋಮವಾರ ಬಾ, ನೋಡೂಣು" ಎಂದಿದ್ದರು. ಸೋಮವಾರಕ್ಕೆ ಒಂಬತ್ತು ದಿನವಿತ್ತು. ಆ ಒಂಬತ್ತು ದಿನದಲ್ಲಿ ಅವಳ ಕೂದಲು ಸೀರೆ ಅಂಗಡಿಗೆ ತಕ್ಕದ್ದಾಗಬೇಕು. ಆಗದಿದ್ದರೆ ಮತ್ತೆ ಮೆಣಸಿನಕಾಯಿ ರಾಶಿ, ಮತ್ತೆ ಆ ಕೆಮ್ಮು.

ಅವಳ ತಲೆ ಕೈಯಲ್ಲಿ ಹಿಡಿದರೆ ಹೊಸ ಕಸಬರಿಗೆ ಹಿಡಿದಂತಾಗುತ್ತಿತ್ತು. ದಿನವೂ ಸಂಜೆ ಖಾರದ ಧೂಳು ಹೋಗಲೆಂದು ಬಟ್ಟೆ ಸಾಬೂನು ಹಾಕಿ ತಿಕ್ಕುತ್ತಿದ್ದಳು. ಇಪ್ಪತ್ತೆರಡು ಪ್ರಶ್ನೆಯನ್ನೂ ಕೇಳಿದೆ. ಸಾಬೂನು ಬಿಡಿಸಿದೆ, ಹಣಿಗೆ ಬದಲಿಸಿದೆ, ತಲೆಗೆ ದಪ್ಪ ಅರಿವೆ ಎರಡು ಸುತ್ತು ಕಟ್ಟಲು ಹೇಳಿದೆ. ಎರಡು ಸಲ ನಾನೇ ಎಣ್ಣೆ, ಲೇಪ ಹಚ್ಚಿದೆ. ಕೂದಲು ಸ್ವಲ್ಪ ಮಾತು ಕೇಳತೊಡಗಿತು. ಕೊನೆಯ ಲೇಪ ಭಾನುವಾರ. ಭಾನುವಾರ ನನ್ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. "ನೀನ ಮನ್ಯಾಗ ಹಚ್ಕೊ. ಮೆಂತೆ ರಾತ್ರಿ ನೆನಿಹಾಕು. ಮಿಕ್ಸರ್‌ಗೆ ಹಾಕಬ್ಯಾಡ ಮತ್ತ, ಕಲ್ಲಿನಾಗ ಅರಿ" ಎಂದು ಎರಡೆರಡು ಸಲ ಒತ್ತಿ ಹೇಳಿದೆ. ಮೆಂತ್ಯದಲ್ಲಿ ಹರಳು ಇರಬಹುದು ಎಂದು ಚಿಂತೆ ಮಾಡಿದೆ. ನೆನೆಹಾಕಲು ಮರೆತಾಳು ಎಂದೂ, ಲೇಪ ಹಚ್ಚಿಕೊಂಡು ನಿದ್ದೆ ಹೋದಾಳು ಎಂದೂ ಚಿಂತೆ ಮಾಡಿದೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಲೆಗೆ ಟವೆಲು ಸುತ್ತಿಕೊಂಡು ಓಡುತ್ತ ಬಂದಳು.

"ಅಕ್ಕಾರ, ಉರಿಯಾಕತ್ತೈತ್ರಿ! ಮೆಂತೆ ಹಿಂಗ ಉರಿತೈತೇನ್ರಿ?"

"ಉರಿಯಂಗಿಲ್ಲ, ತಂಪ್ ಅದು. ಏನೇನ್ ಹಾಕಿದಿ?"

"ನೀವ್ ಹೇಳಿದ್ದ ಹಾಕೇನ್ರಿ. ಮೆಂತೆ, ಮೊಸರು, ದಾಸವಾಳದ ತಪ್ಪಲ."

"ಎಲ್ಲಿ ಅರದಿ?"

"ನೀವ ಅಂದ್ರೆಲ್ರಿ, ಕಲ್ಲಿನಾಗಂತ. ನಮ್ಮ ಒಳ್ಳಾಗ ಅರದೆ."

"ಆ ಒಳ್ಳಾಗ ಮತ್ತೇನ್ ಅರಿತಿ?"

"ಕೆಂಪು ಖಾರ" ಎಂದಳು, ತೀರ ಸಣ್ಣ ದನಿಯಲ್ಲಿ.

ಬ್ಯಾಡಗಿಯ ಮನೆಗಳ ಒಳಕಲ್ಲು ಎಂದರೆ ಅಜ್ಜಿಯ ಕಾಲದಿಂದ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಕುಡಿದು ಕುಡಿದು ಒಳಗೇ ಕೆಂಪಾದ ಕಲ್ಲು. ಮೇಲೆ ಎಷ್ಟು ತೊಳೆದರೂ ಅದರ ಸಣ್ಣ ಸಣ್ಣ ತೂತುಗಳಲ್ಲಿ ಖಾರ ಕೂತೇ ಇರುತ್ತದೆ. ನೆನೆದ ಮೆಂತ್ಯದ ಲೋಳೆ ಅದನ್ನೆಲ್ಲ ಮುತುವರ್ಜಿಯಿಂದ ಎತ್ತಿಕೊಂಡು ಬಂದಿತ್ತು. ಊರಿಗೆ ಊರೇ ಮೆಣಸಿನಕಾಯಿ ವಾಸನೆ ಉಸಿರಾಡುವ ಜಾಗದಲ್ಲಿ ಪಾರ್ಲರು ಇಟ್ಟುಕೊಂಡು, ಕಿಟಕಿಯ ದಿಕ್ಕು ಕೇಳಿದ ನಾನು ಕಲ್ಲಿನ ಕಥೆ ಕೇಳಿರಲಿಲ್ಲ.

"ಬ್ಯಾಡಗಿ ಕಾಯಿ ಅಷ್ಟೇನ್ ಖಾರ ಇರೂದಿಲ್ಲ ಬಿಡು" ಎಂದೆ, ಅವಳಿಗಿಂತ ಹೆಚ್ಚಾಗಿ ನನಗೆ ಸಮಾಧಾನ ಹೇಳಿಕೊಳ್ಳುತ್ತ.

"ಖಾರಕ್ಕಂತ ಗುಂಟೂರ್‌ದೂ ಹಾಕಿರ್ತೀವ್ರಿ" ಎಂದು ಅವಳು ಅತ್ತಳು.

ಆಮೇಲೆ ನಾನು ಎರಡನೆಯ ತಪ್ಪು ಮಾಡಿದೆ. ಬೋಗಾಣಿಗಟ್ಟಲೆ ನೀರು ಸುರಿದೆ. ಖಾರ ನೀರಿಗೆ ಕರಗುವುದಿಲ್ಲ, ಹರಡುತ್ತದೆ. ಹಣೆಗಿಳಿಯಿತು, ಕಣ್ಣಿಗಿಳಿಯಿತು. ರೇಣುಕಾ ಚೀರಿದಳು. ಸಾಲಿನಲ್ಲಿ ಕೂತಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಚೀಲ ಎತ್ತಿಕೊಂಡರು. ಬಾಜಿಗೆ ಫೋನು ಮಾಡಿದೆ.

"ನೀರ್ ಬ್ಯಾಡ, ಪಾಗಲ್!" ಎಂದರು ಬಾಜಿ. "ಕಣ್ಣಿಗಷ್ಟ ತಣ್ಣೀರು ಬಿಡು. ತಲಿಗೆ ಎಣ್ಣಿ ಹಾಕು, ಅರಿವಿಲೆ ಒರಸು, ಮತ್ತ ಹಾಕು, ಮತ್ತ ಒರಸು. ಆಮ್ಯಾಲ ಮೊಸರು. ಲಗೂನ ಮಾಡು. ಅಳೂದು ನಾಳೆ ಅಳಾಕ ಬರತೈತಿ."

ಒಂದು ತಾಸಿನಲ್ಲಿ ನೆತ್ತಿಯ ಉರಿ ಇಳಿಯಿತು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಬರಿಯಿಲ್ಲ, ಎರಡು ದಿನ ಕಣ್ಣು ಕೆಂಪಗಿರುತ್ತವೆ ಎಂದು ಹನಿ ಔಷಧ ಕೊಟ್ಟರು. ಎರಡು ದಿನ. ಮರುದಿನವೇ ಸೋಮವಾರ.

ಸೋಮವಾರ ಬೆಳಿಗ್ಗೆ ಪಾರ್ಲರಿಗೆ ಕೀಲಿ ಹಾಕಿ ಅವಳ ಜೊತೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಅವಳ ಕಣ್ಣು ಊದಿದ್ದವು. ತಲೆಗೆ ಸುರಿದ ಎಣ್ಣೆ ಹಾಗೇ ಇತ್ತು. ಇಷ್ಟು ಬೇಗ ಮತ್ತೆ ತೊಳೆಯಲು ನನಗೇ ಧೈರ್ಯವಿರಲಿಲ್ಲ. ಕೂದಲು ನೆತ್ತಿಗೆ ಮೆತ್ತಿಕೊಂಡು ಕಾಡಿಗೆ ಬಳಿದಂತಿತ್ತು. ಒಂಬತ್ತು ದಿನದ ನನ್ನ ಚಿಕಿತ್ಸೆಯ ಫಲ. ದಾರಿಯುದ್ದಕ್ಕೂ ಕಮಲಕ್ಕನಿಗೆ ಹೇಳಬೇಕಾದ ಕ್ಷಮಾಪಣೆಯನ್ನು ಮನಸ್ಸಿನಲ್ಲಿ ತಿದ್ದಿದೆ, ಮತ್ತೆ ತಿದ್ದಿದೆ. ರೇಣುಕಾ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ದಾರಿ ಸ್ವಲ್ಪ ಹತ್ತಿರವಾಗುತ್ತಿತ್ತು.

ಅಂಗಡಿಯಲ್ಲಿ ಜಗಳ ನಡೆದಿತ್ತು. ಹೆಂಗಸೊಬ್ಬಳು ಕುಬಸದ ಕಣ, ರವಿಕೆಯ ಬಟ್ಟೆಯೊಂದನ್ನು ಮೇಲೆತ್ತಿ ಹಿಡಿದು, ಇದಕ್ಕೆ ಕೂಡುವ ಕೆಂಪು ಸೀರೆ ಒಂದೂ ಇಲ್ಲ, ಇದೆಂಥ ಅಂಗಡಿ ಎನ್ನುತ್ತಿದ್ದಳು. ಗಾದಿಯ ಮೇಲೆ ಇಪ್ಪತ್ತು ಕೆಂಪು ಸೀರೆ ಬಿಚ್ಚಿ ಬಿದ್ದಿದ್ದವು. ಕಮಲಕ್ಕ ಬೆವರುತ್ತಿದ್ದರು. ನಾನು ಹೋಗಿ ಕೈಮುಗಿದು ಶುರುಮಾಡಿದೆ.

"ಅಕ್ಕಾರ, ತಪ್ಪು ನಂದು, ಈಕೀದಲ್ಲ. ಮೆಂತೆ ಅಂದ್ರ ತಂಪು, ಆದ್ರ ಕಲ್ಲು..."

"ನೀವ್ಯಾರ್ರಿ? ಒಂಚೂರು ತಡೀರಿ" ಎಂದರು ಕಮಲಕ್ಕ.

ಅಷ್ಟರಲ್ಲಿ ರೇಣುಕಾ ಗಾದಿಯ ಹತ್ತಿರ ಹೋಗಿದ್ದಳು. ಊದಿದ ಕಣ್ಣಿನಿಂದಲೇ ಕಣ ನೋಡಿದಳು, ಮುಟ್ಟಲಿಲ್ಲ. ರಾಶಿಯೊಳಗೆ ಕೈಯಿಟ್ಟು ಮೂರನೆಯ ಸೀರೆಯ ಕೆಳಗಿದ್ದ ಒಂದನ್ನು ಎಳೆದಳು.

"ಇದನ್ನ ಬೆಳಕಿಗೆ ಹಿಡದು ನೋಡ್ರಿ, ಯವ್ವಾ. ಉಳಿದವೆಲ್ಲ ಲಗೂನ ಹರದ ಕಾಯಿ ಬಣ್ಣ. ನಿಮ್ಮ ಕಣ ಗಿಡದಾಗ ಒಣಗಿದ ಕಾಯಿದು."

ಹೆಂಗಸು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎರಡೂ ಒಂದೇ ಬಣ್ಣ. ಹದಿನೈದು ವರ್ಷ ಕೆಂಪಿನಿಂದ ಕೆಂಪು ಬೇರೆ ಮಾಡಿದ ಕಣ್ಣು ಅದು. ಗುಂಟೂರಿನ ಖಾರ ಬಿದ್ದರೂ ಕೆಟ್ಟಿರಲಿಲ್ಲ. ಆ ಹೆಂಗಸು ಸೀರೆ ಕಟ್ಟಿಸಿಕೊಂಡಳು, ತಂಗಿಗೆಂದು ಇನ್ನೊಂದಕ್ಕೂ ರೇಣುಕಾಳನ್ನೇ ಕರೆದಳು. ಕಮಲಕ್ಕ ಗಲ್ಲಕ್ಕೆ ಕೈ ಹಚ್ಚಿ ನೋಡುತ್ತ ನಿಂತರು.

"ಯಾವಾಗಿಂದ ಬರ್ತಿ?" ಎಂದು ಕೇಳಿದರು.

ನಾನು ತಡೆಯಲಾರದೆ, "ಅಕ್ಕಾರ, ತಲಿ ಚಂದ ಮಾಡ್ಕೊಂಡು ಬಾ ಅಂದಿದ್ರೆಲ್ರಿ, ಅದರ ಸಂಬಂಧ..." ಎಂದೆ.

"ನಾನಾ? ಹಂಗ ಅಂದಿದ್ನೇನ?" ಎಂದರು ಕಮಲಕ್ಕ. "ಅಂದಿರಬೇಕು ಬಿಡ್ರಿ. ಬಂದವ್ರಿಗೆ ಏನರ ಒಂದು ಅನ್ನೂದೈತಲ್ಲ."

ಬಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ಕ್ಷಮಾಪಣೆ ಇನ್ನೂ ನನ್ನಲ್ಲೇ ಇದೆ. ಯಾರಿಗಾದರೂ ಬೇಕಾದರೆ ಕೊಡುತ್ತೇನೆ.

ಹಾವೇರಿಯ ಹುಡುಗಿಯರೇ, ನಾನು ಹೇಳುವ ವಿದ್ಯೆ ಇಷ್ಟೇ. ಪ್ರಶ್ನೆಗಳ ಪಟ್ಟಿ ಎಷ್ಟೇ ಉದ್ದ ಮಾಡಿ, ಕೇಳಬೇಕಾದದ್ದು ಅದರಾಚೆ ಇರುತ್ತದೆ. ಅದಕ್ಕೇ ಗಿರಾಕಿಯನ್ನು ಸ್ವಲ್ಪ ಹೊತ್ತು ಮಾತಾಡಲು ಬಿಡಿ. ಲೇಪ ಯಾವುದಾದರೂ ಮೊದಲು ಮುಂಗೈಗೆ ಹಚ್ಚಿ ಕಾಲು ಗಂಟೆ ಕಾಯಿರಿ. ಜಂಬಕ್ಕೆ ಬಾಯಿಗೆ ಬಂದದ್ದನ್ನು ಹೇಳಬೇಡಿ, ಯಾರಾದರೂ ನಂಬಿಬಿಡುತ್ತಾರೆ. ಮತ್ತೆ, ಮಿಕ್ಸರಿನಲ್ಲಿ ಯಾವ ಸತ್ವವೂ ಹೋಗುವುದಿಲ್ಲ.

ಪಾರ್ಲರು ಮುಚ್ಚುವ ದಿನ ರೇಣುಕಾ ರಾಣೆಬೆನ್ನೂರಿನಿಂದ ಬಂದಿದ್ದಳು. ಜಡೆ ಬೆನ್ನಿನ ಕೆಳಗಿತ್ತು, ಎಣ್ಣೆಯಿಲ್ಲದೆಯೂ ಹೊಳೆಯುತ್ತಿತ್ತು. ಧೂಳು ಬಿಟ್ಟಳು, ಸಾಬೂನು ಬಿಟ್ಟಳು, ಕೂದಲು ತಾನಾಗಿ ಸರಿಹೋಯಿತು. ಆ ಆರೇಳು ವರ್ಷದಲ್ಲಿ ನಾನು ಅವಳ ತಲೆಗೆ ಏನನ್ನೂ ಹಚ್ಚಿರಲಿಲ್ಲ. ನನ್ನ ಕೈಯಿಂದ ಆದ ಅತ್ಯಂತ ಯಶಸ್ವಿ ಚಿಕಿತ್ಸೆ ಇದೇ ಇರಬೇಕು. ಅವಳ ಕೈಯಲ್ಲಿ ಸ್ಟೀಲಿನ ಡಬ್ಬಿಯಿತ್ತು. ಒಳಗೆ ಅರೆದ ಮೆಂತ್ಯ.

"ಕುಂದ್ರಿ ಅಕ್ಕಾರ. ಇವತ್ತು ನಿಮ್ಮ ತಲಿಗೆ ನಾ ಹಚ್ತೀನಿ. ಏನ್ ನಾರ್ ಆಗೇತ್ರಿ ಅದು!"

ನಾನು ಕೂತೆ. ಕೂತವಳು ಎದ್ದೆ. ಡಬ್ಬಿ ಮೂಸಿದೆ. ಮತ್ತೊಮ್ಮೆ ಮೂಸಿದೆ. "ಎಲ್ಲಿ ಅರದಿ?" ಎಂದೆ.

"ಹೊಸಾ ಮಿಕ್ಸರ್‌ನಾಗ್ರಿ. ಅದಕ್ಕ ಇನ್ನೂ ಖಾರದ ಮುಖಾ ತೋರಿಸಿಲ್ಲ!"

ಆದರೂ ಒಂದು ಚೂರು ತೆಗೆದು ಮುಂಗೈಗೆ ಹಚ್ಚಿಕೊಂಡು ಗೋಡೆಯ ಗಡಿಯಾರ ನೋಡುತ್ತ ಕಾಲು ಗಂಟೆ ಕೂತೆ. ರೇಣುಕಾ ನನ್ನನ್ನು ನೋಡಿ ನಗಲು ಶುರುಮಾಡಿದಳು. ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನು ಹಳೆಯ ರೂಢಿಯಂತೆ ನೀರಿನ ಲೋಟ ತುಂಬಿ ಹಿಡಿದು ಕಾದೆ.

ಅವಳು ಒಮ್ಮೆಯೂ ಕೆಮ್ಮಲಿಲ್ಲ. ಆ ನೀರನ್ನು ನಾನೇ ಕುಡಿದೆ.